ನೀಲಿ ಎಣ್ಣೆಯ ಎರಡು ಬೆಲೆ

ನೆಲದಾಳದ ಕಚ್ಚಾ ತೈಲವನ್ನು ಕಾಯಿಸಿ, ಅದರ ಆವಿಯನ್ನು ಎತ್ತರದ ಗೋಪುರದೊಳಗೆ ಹಾಯಿಸಿದರೆ ಮೇಲೆ ಪೆಟ್ರೋಲು, ಅದರ ಕೆಳಗೆ ಸೀಮೆಎಣ್ಣೆ, ಇನ್ನೂ ಕೆಳಗೆ ಡೀಸೆಲ್ ಬೇರ್ಪಡುತ್ತವೆ. ಸೀಮೆಎಣ್ಣೆ ಮತ್ತು ಡೀಸೆಲ್ ಹೀಗೆ ಒಂದೇ ಮನೆಯ ಅಕ್ಕಪಕ್ಕದ ಕೋಣೆಯವು. ಅವುಗಳ ಕುದಿಯುವ ಉಷ್ಣತೆಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಅಣುಗಳಲ್ಲಿಯೂ ಎಷ್ಟೋ ಎರಡಕ್ಕೂ ಸಮಾನ. ಬೆರೆಸಿದರೆ ಹಾಲಿಗೆ ನೀರು ಬೆರೆತಷ್ಟು ಸಲೀಸಾಗಿ ಬೆರೆಯುತ್ತವೆ. ಪ್ರಕೃತಿ ಇಷ್ಟು ಹತ್ತಿರ ಇಟ್ಟ ಎರಡು ದ್ರವಗಳ ನಡುವೆ ಸರ್ಕಾರವೊಂದು ದೊಡ್ಡ ಗೋಡೆ ಕಟ್ಟಿತ್ತು. ಆ ಗೋಡೆಯ ಹೆಸರು ಬೆಲೆ.

ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಸಾಲು ನಿಂತವರಿಗೆ ಆ ದಿನಗಳನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೆಳಗಾಗುವ ಮುಂಚೆಯೇ ಡಬ್ಬಗಳು ಸಾಲಿನಲ್ಲಿ ಕೂತಿರುತ್ತಿದ್ದವು. ಡಬ್ಬದ ಯಜಮಾನರು ಮರದ ನೆರಳಿನಲ್ಲಿ. ಕೈಯಲ್ಲಿ ಕಾರ್ಡು, ಸೊಂಟದಲ್ಲಿ ಚಿಲ್ಲರೆ. ಅಂಗಡಿಯವನು ಲಾಳಿಕೆ ಇಟ್ಟು ಅಳತೆಯ ಡಬ್ಬಿಯಿಂದ ಸುರಿಯುವಾಗ ಮೇಲಿನ ನೊರೆಯೂ ಲೆಕ್ಕಕ್ಕೆ ಸೇರುತ್ತಿತ್ತು. ಅರ್ಧ ಸಾಲು ಕರಗುವಷ್ಟರಲ್ಲಿ 'ಎಣ್ಣೆ ಮುಗೀತಮ್ಮ, ಮುಂದಿನ ತಿಂಗಳು ಬಾ' ಎಂಬ ಮಾತು. 'ಅಣ್ಣಾ, ಮನೇಲಿ ದೀಪಕ್ಕೂ ಇಲ್ಲ, ಒಂದೇ ಒಂದು ಲೀಟರ್ ಹಾಕಣ್ಣಾ' ಎಂದು ಬೇಡಿದ ಹೆಂಗಸು ಖಾಲಿ ಡಬ್ಬ ಹಿಡಿದು ಹೋಗುತ್ತಿದ್ದಳು. ಬ್ಯಾರೆಲ್ಲಿನಲ್ಲಿ ಬಂದ ಎಣ್ಣೆ ಎಲ್ಲಿ ಹೋಯಿತೆಂದು ಊರಿಗೆಲ್ಲ ಗೊತ್ತು. ಕೇಳುವವರು ಮಾತ್ರ ಇಲ್ಲ.

ಅದು ಹೋದದ್ದು ಲಾರಿಯ ಟ್ಯಾಂಕಿಗೆ. ಕಾರಣ ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ, ಏಳನೇ ತರಗತಿಯ ಲೆಕ್ಕ ಸಾಕು. 2005ರ ಕೊನೆಯಲ್ಲಿ ಪಡಿತರದ ಸೀಮೆಎಣ್ಣೆ ಲೀಟರಿಗೆ ಒಂಬತ್ತು ರೂಪಾಯಿ ಆಸುಪಾಸು, ಡೀಸೆಲ್ ಮೂವತ್ತರ ಆಸುಪಾಸು. ಹತ್ತು ಸಾವಿರ ಲೀಟರ್ ಡೀಸೆಲ್ಲಿಗೆ ಎರಡು ಸಾವಿರ ಲೀಟರ್ ಸೀಮೆಎಣ್ಣೆ ಬೆರೆಸಿದವನಿಗೆ ಒಂದೇ ಟ್ಯಾಂಕರಿನಲ್ಲಿ ನಲವತ್ತು ಸಾವಿರ ರೂಪಾಯಿ. ಆ ಕಾಲಕ್ಕೆ ಅದು ಶಾಲೆಯ ಮೇಷ್ಟರೊಬ್ಬರ ಎಷ್ಟೋ ತಿಂಗಳ ಸಂಬಳ.

ಪರೀಕ್ಷೆ ಮಾಡಿ ಹಿಡಿಯಬಾರದೇ ಎನ್ನಬಹುದು. ಸಾಂದ್ರತೆಯನ್ನೇ ನೋಡಿ. ಡೀಸೆಲ್ಲಿನದು ಲೀಟರಿಗೆ 840 ಗ್ರಾಂ, ಸೀಮೆಎಣ್ಣೆಯದು 800 ಗ್ರಾಂ ಎಂದಿಟ್ಟುಕೊಂಡರೆ ಮೇಲೆ ಹೇಳಿದ ಮಿಶ್ರಣದ್ದು ಸುಮಾರು 833. ಡೀಸೆಲ್ಲಿಗೆ ಆಗ ನಿಯಮವೇ ಒಪ್ಪಿದ್ದ ಮಿತಿ 820ರಿಂದ ಆರಂಭವಾಗುತ್ತಿತ್ತು. ಅಂದರೆ ಕಳ್ಳನನ್ನು ಹಿಡಿಯಲು ಇಟ್ಟ ಹೈಡ್ರೋಮೀಟರೇ ಕಳ್ಳನಿಗೆ ಯೋಗ್ಯತಾಪತ್ರ ಬರೆದುಕೊಡುತ್ತದೆ! ಹಾಗೆಂದು ಎಂಜಿನ್ನಿಗೆ ಮೋಸವಿಲ್ಲವೆಂದಲ್ಲ. ಡೀಸೆಲ್ಲಿನ ಜಿಡ್ಡುಗುಣ ಸೀಮೆಎಣ್ಣೆಗಿಲ್ಲ, ಪಂಪು ನಾಜಲುಗಳು ಬೇಗ ಸವೆಯುತ್ತವೆ. ಪೆಟ್ರೋಲಿಗೆ ಬೆರೆಸಿದರಂತೂ ಎಂಜಿನ್ನು ಬಡಿದುಕೊಳ್ಳುತ್ತದೆ, ಬಾಲದಲ್ಲಿ ಹೊಗೆ ಕಾರುತ್ತದೆ.

ಸರ್ಕಾರ ಪಡಿತರದ ಎಣ್ಣೆಗೆ ನೀಲಿ ಬಣ್ಣ ಹಾಕಿಸಿತು. ಇದ್ದಿಲು, ಜೇಡಿಯಂಥ ಹೀರುಗುಣದ ಪುಡಿಯ ಮೂಲಕ ಹಾಯಿಸಿದರೆ ಬಣ್ಣ ಅಲ್ಲೇ ಉಳಿದು ಎಣ್ಣೆ ತಿಳಿಯಾಗುತ್ತದೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮಕ್ಕಳು ಮಾಡಿ ನೋಡುವ ಪ್ರಯೋಗ. 2006ರಲ್ಲಿ ಕಣ್ಣಿಗೆ ಕಾಣದ ಗುರುತು ರಾಸಾಯನಿಕವೂ ಬಂತು. ಅದೂ ಹೆಚ್ಚು ಕಾಲ ಬಾಳಲಿಲ್ಲ.

ಈ ಲೆಕ್ಕದ ನಡುವೆ ಒಬ್ಬ ಹುಡುಗ ಸತ್ತ. ಕೋಲಾರದ ಚಿನ್ನದ ಗಣಿಯ ಊರಿನವರು ಎಸ್. ಮಂಜುನಾಥ್. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಕ್ನೋದ ಐಐಎಂನಲ್ಲಿ ಆಡಳಿತ ನಿರ್ವಹಣೆ ಓದಿ ಇಂಡಿಯನ್ ಆಯಿಲ್ ಸೇರಿ, ಉತ್ತರ ಪ್ರದೇಶದ ಲಖೀಂಪುರ ಖೇರಿ ಭಾಗದಲ್ಲಿ ಮಾರಾಟದ ಅಧಿಕಾರಿಯಾಗಿದ್ದರು. ಕಲಬೆರಕೆ ಮಾಡಿದ ಬಂಕಿಗೆ ಬೀಗ ಹಾಕಿಸಿದ್ದರು. ಅದು ಮತ್ತೆ ತೆರೆದಾಗ ಮತ್ತೆ ಪರೀಕ್ಷೆಗೆ ಹೋದರು. 2005ರ ನವೆಂಬರ್ 19ರ ರಾತ್ರಿ ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು ಇಪ್ಪತ್ತೇಳು. 2015ರಲ್ಲಿ ಸುಪ್ರೀಂ ಕೋರ್ಟು ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಷ್ಟರೊಳಗೆ, 2011ರ ಜನವರಿ 25ರಂದು, ಮಹಾರಾಷ್ಟ್ರದ ಮನ್ಮಾಡ್ ಬಳಿ ಇಂಥದ್ದೇ ದಂಧೆಯನ್ನು ಕಣ್ಣಾರೆ ಕಂಡ ಹೆಚ್ಚುವರಿ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು ಹಾಡಹಗಲೇ ಸುಟ್ಟು ಕೊಂದಿದ್ದರು.

ಕೊಂದವರು ಕೊಲೆಗಡುಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಗುಣದ ಎರಡು ಎಣ್ಣೆಗಳಿಗೆ ಒಂದಕ್ಕೆ ಮೂರರಷ್ಟು ಬೆಲೆಯಂತರ ಇಟ್ಟು, ಆ ಅಂತರವನ್ನು ಕಾಯಲು ಪ್ರಾಮಾಣಿಕ ತರುಣನೊಬ್ಬನ ಕೈಗೆ ಸ್ಯಾಂಪಲ್ ಬಾಟಲಿ ಕೊಟ್ಟು ಒಬ್ಬಂಟಿಯಾಗಿ ಕಳಿಸಿದವರು ಯಾರು? ಭಾಷಣಗಳಲ್ಲಿ ಈ ಪ್ರಶ್ನೆ ಕೇಳಿಸಿದ್ದು ಕಡಿಮೆ. ಕಾನೂನು ಬಿಗಿಯಾಗಬೇಕು, ದಾಳಿ ಹೆಚ್ಚಬೇಕು ಎಂದವರೇ ಎಲ್ಲ. ತೂತಿರುವ ಕೊಡದ ಕೆಳಗೆ ಕಾವಲುಗಾರನನ್ನು ನಿಲ್ಲಿಸುವ ಜಾಣತನವಿದು.

ಕಟ್ಟಳೆ ಬೆಲೆಯ ಈ ರೋಗವನ್ನು ಬಹಳ ಹಿಂದೆಯೇ ಗುರುತಿಸಿದವರಿದ್ದರು. ಕಾಸರಗೋಡು ಸೀಮೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ ಅವರಲ್ಲೊಬ್ಬರು. ಎರಡನೇ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ, 1955ರಲ್ಲಿ, ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಖೋತಾ ಹಣಕಾಸು, ನಿಯಂತ್ರಣಗಳು ಬೇಡವೆಂದರು. ದೆಹಲಿಯಲ್ಲಿ ಆ ದನಿಗೆ ಕಿವಿಗೊಟ್ಟವರು ವಿರಳ.

ಬಡವರ ಗುಡಿಸಲಿಗೆ ದೀಪ ಬೇಡವೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬುಡ್ಡಿ ದೀಪದಡಿ ಓದಿದ ಮಕ್ಕಳೇ ಇಂದು ದೊಡ್ಡವರಾಗಿದ್ದಾರೆ. ಆದರೆ ದೇಶಾದ್ಯಂತ ಪಡಿತರದ ಸೀಮೆಎಣ್ಣೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸೋರುತ್ತಿದೆ ಎಂದು 2005ರ ಹೊತ್ತಿಗೆ ಸರ್ಕಾರಕ್ಕೆ ಸಲ್ಲಿಸಿದ ಅಧ್ಯಯನವೇ ಹೇಳಿತ್ತು. ಬಡವಳ ಹೆಸರಿನ ಸಹಾಯಧನ ಲಾರಿಯ ಹೊಗೆಯಾಯಿತು. ಅವಳ ಪಾಲಿಗೆ ಸಾಲು ಮತ್ತು ಖಾಲಿ ಡಬ್ಬ. ಎಣ್ಣೆಗೆ ಒಂದೇ ಬೆಲೆ ಇಟ್ಟು, ಕೊಡುವ ಹಣವನ್ನು ಅವಳ ಕೈಗೇ ಕೊಟ್ಟಿದ್ದರೆ ಕದಿಯುವುದಕ್ಕೆ ಏನು ಉಳಿಯುತ್ತಿತ್ತು? ಅಡುಗೆ ಅನಿಲಕ್ಕೆ 2013ರಲ್ಲಿ ಈ ದಾರಿ ಹಿಡಿದಾಗ ಆರಂಭದ ಜಿಲ್ಲೆಗಳಲ್ಲಿ ತುಮಕೂರು, ಮೈಸೂರು ಇದ್ದವು. ಬ್ಯಾಂಕು ಆಧಾರಗಳ ಗೊಂದಲ ಬೇಕಾದಷ್ಟಿತ್ತು, ಆದರೂ ಹಣ ಹೋಗುವ ದಾರಿ ಕಣ್ಣಿಗೆ ಕಾಣುತ್ತಿತ್ತು.

ಸೀಮೆಎಣ್ಣೆಯ ಬೆಲೆಯನ್ನು 2016ರಿಂದ ಲೀಟರಿಗೆ ಇಪ್ಪತ್ತೈದು ಪೈಸೆಯಂತೆ ಮೆಲ್ಲಗೆ ಏರಿಸುತ್ತಾ ಹೋದರು. 2020ರ ಹೊತ್ತಿಗೆ ಸಹಾಯಧನವೇ ಮುಗಿದಿತ್ತು. ಬೀದಿಗಿಳಿದು ಕೂಗಿದವರು ಕಡಿಮೆ. ಹಳ್ಳಿಗೆ ಕರೆಂಟು, ಗ್ಯಾಸು ಬಂದಿದ್ದವು. ದಾಳಿಗಳು ಮಾಡಲಾರದ್ದನ್ನು ನಾಲ್ಕಾಣೆಯ ಏರಿಕೆ ಸದ್ದಿಲ್ಲದೆ ಮಾಡಿತು: ಬೆಲೆಯ ಅಂತರ ಕರಗಿದಂತೆ ಸೀಮೆಎಣ್ಣೆ ಬೆರೆಸುವುದರಲ್ಲಿ ಲಾಭವೂ ಕರಗಿತು.

ಪೆಟ್ರೋಲು 2010ರಲ್ಲಿ, ಡೀಸೆಲ್ 2014ರಲ್ಲಿ ಸರ್ಕಾರದ ಹಿಡಿತದಿಂದ ಬಿಡುಗಡೆಯಾದವು ಎಂಬುದು ಕಾಗದದ ಮಾತು. ಕಚ್ಚಾ ತೈಲ ಅಗ್ಗವಾದಾಗ, 2014ರ ನವೆಂಬರಿನಿಂದ 2016ರ ಜನವರಿಯೊಳಗೆ, ಕೇಂದ್ರವು ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. 2018ರಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆಗೆ ಮುನ್ನ, ದಿನವೂ ಬದಲಾಗಬೇಕಾಗಿದ್ದ ಬೆಲೆ ಹತ್ತೊಂಬತ್ತು ದಿನ ಒಂದು ಪೈಸೆಯೂ ಅಲುಗದೆ ನಿಂತಿತು. ಮತದಾನ ನಡೆದದ್ದು ಮೇ 12ಕ್ಕೆ. ಮೇ 14ರಿಂದ ಬೆಲೆ ಮತ್ತೆ ಏರತೊಡಗಿತು.