ನುಡಿಯುವ ಬಾಯಿ, ಕೇಳುವ ಕಿವಿ

ಹಿಂದಿನವರಿಗೆ ಮನೆಯಲ್ಲಿ ಕುಳಿತು ಹಾಡು ಕೇಳಲು ವಿಶೇಷ ಜಾಣತನವೇನೂ ಬೇಕಿರಲಿಲ್ಲ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ನಿಲಯ ಆರಂಭವಾದ ಮೇಲೆ, ಸುತ್ತಲಿನ ಊರುಗಳ ಅನುಕೂಲಸ್ಥರ ಮನೆಗಳಲ್ಲಿ ರೇಡಿಯೋ ಬಂದು ಕುಳಿತಿತು. ಅದರ ಕಿವಿ ತಿರುವಿದರೆ ಸಾಕು, ಮಲ್ಲಿಕಾರ್ಜುನ ಮನ್ಸೂರರ ಕಂಠ ಪಡಸಾಲೆಯನ್ನು ತುಂಬುತ್ತಿತ್ತು. ಧ್ವನಿಯನ್ನು ಹಿಡಿಯುವುದು, ಹಿಗ್ಗಿಸುವುದು, ಹೊರಗೆ ಬಿಡುವುದು ಎಂಬ ಮೂರು ಕೆಲಸಗಳನ್ನೂ ಆ ಒಂದೇ ಪೆಟ್ಟಿಗೆ ತೂಗಿಸಿಕೊಂಡು ಹೋಗುತ್ತಿತ್ತು.

ಇಂದು ಆ ಸಂಸಾರ ಒಡೆದು ಪಾಲಾಗಿದೆ. ಚಿತ್ರ ಟಿ.ವಿ.ಯ ಪಾಲಿಗೆ, ಕಾರ್ಯಕ್ರಮ ತರುವುದು ಸೆಟ್‌ಟಾಪ್ ಪೆಟ್ಟಿಗೆಯ ಪಾಲಿಗೆ, ಧ್ವನಿ ಅದರ ಕೆಳಗೆ ಉದ್ದಕ್ಕೆ ಮಲಗಿರುವ ಸೌಂಡ್‌ಬಾರಿನ ಪಾಲಿಗೆ. ಬೇರೆಯಾದ ಅಣ್ಣತಮ್ಮಂದಿರು ಮಾತನಾಡಬೇಕಾದರೆ ನಡುವೆ ತಂತಿಗಳು ಬೇಕು. ಯಾವ ತಂತಿ ಯಾವ ರಂಧ್ರಕ್ಕೆ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಇದರಲ್ಲಿ ತಿಳಿಯಬೇಕಾದ ಸೂತ್ರ ಒಂದೇ. ಯಂತ್ರದ ಬೆನ್ನಿನ ಮೇಲಿರುವ ರಂಧ್ರಗಳಲ್ಲಿ ಕೆಲವು ಬಾಯಿಗಳು, ಕೆಲವು ಕಿವಿಗಳು. ‘ಔಟ್’ ಎಂದು ಬರೆದದ್ದು ನುಡಿಯುತ್ತದೆ, ‘ಇನ್’ ಎಂದು ಬರೆದದ್ದು ಕೇಳುತ್ತದೆ. ಬಾಯಿಗೆ ಕಿವಿಯನ್ನು ಜೋಡಿಸಿದರೆ ಸಂಭಾಷಣೆ ಉಂಟು. ಬಾಯಿಗೆ ಬಾಯಿಯನ್ನು ಜೋಡಿಸಿದರೆ ಮೌನವೇ ಫಲ. ಬಣ್ಣಗಳು ಈ ಭೇದವನ್ನು ಹೇಳುವುದಿಲ್ಲ. ಹಳೆಯ ಮೂರೆಳೆಯ ತಂತಿಯಲ್ಲಿ ಹಳದಿ ಚಿತ್ರಕ್ಕೆ, ಬಿಳಿ ಎಡದ ಧ್ವನಿಗೆ, ಕೆಂಪು ಬಲದ ಧ್ವನಿಗೆ ಮೀಸಲು, ಅಷ್ಟೆ. 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ ತಂತಿ ಈ ಮೂರನ್ನೂ ಒಂದೇ ಹೊರೆಯಾಗಿ ಹೊತ್ತಿತು. 2009ರಲ್ಲಿ ಅದಕ್ಕೆ ‘ಎಆರ್‌ಸಿ’ ಎಂಬ ಹಿಂದಿರುಗುವ ದಾರಿ ಕೂಡಿಕೊಂಡಿತು. ಆ ಹೆಸರು ಬರೆದ ರಂಧ್ರಕ್ಕೆ ತಂತಿ ಹಾಕಿದರೆ, ಟಿ.ವಿ. ತನ್ನ ಧ್ವನಿಯನ್ನು ಅದರೊಳಗಿಂದಲೇ ಸೌಂಡ್‌ಬಾರಿಗೆ ಒಪ್ಪಿಸುತ್ತದೆ. ಪಕ್ಕದ ರಂಧ್ರವೂ ನೋಡಲು ಅದರ ಅವಳಿಯಂತೆಯೇ ಇರುತ್ತದೆ. ಆದರೆ ಅದಕ್ಕೆ ಹಾಕಿದರೆ ಧ್ವನಿ ಬಾರದು.

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ, ಕನ್ನಡ ಶಾಲೆಯ ನಿವೃತ್ತ ಮಾಸ್ತರರೊಬ್ಬರ ಮನೆಗೆ ಇಂತಹ ಸೌಂಡ್‌ಬಾರು ಬಂದಿತು. ಬೆಂಗಳೂರಿನ ಮಗ ಕಳಿಸಿದ್ದು. ಟಿ.ವಿ.ಗೂ ಅದಕ್ಕೂ ನಂಟು ಬೆಸೆಯುವುದು ಮೊಮ್ಮಗಳಿಗೆ ಐದು ನಿಮಿಷದ ಕೆಲಸವಾಯಿತು. ಆದರೆ ಮಾಸ್ತರರ ಮನಸ್ಸಿನಲ್ಲಿದ್ದುದು ಬೇರೆ. ಅವರ ಬಳಿ ಒಂದು ಕ್ಯಾಸೆಟ್ಟು ಇತ್ತು. ನಾಗರ ಪಂಚಮಿಯ ಒಂದು ಸಂಜೆ ಅವರ ಹೆಂಡತಿ ಜೋಕಾಲಿಯ ಹಾಡು ಹಾಡಿದ್ದನ್ನು ಅದರಲ್ಲಿ ಹಿಡಿದಿದ್ದರು. ಹಾಡಿದಾಕೆ ಇಂದು ಇಲ್ಲ. ಟೇಪ್ ರೆಕಾರ್ಡರಿನ ಗಂಟಲೂ ಬಿದ್ದುಹೋಗಿ, ದನಿ ಗೊಗ್ಗರಾಗಿತ್ತು. ಹೊಸ ಪೆಟ್ಟಿಗೆಯಲ್ಲಿ ಅದನ್ನು ನಿಚ್ಚಳವಾಗಿ ಕೇಳಬೇಕೆಂಬುದೇ ಅವರ ಆಸೆ.

ಮೊಮ್ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಮಾಸ್ತರರು ತಾವೇ ಕೈಹಚ್ಚಿದರು. ರೆಕಾರ್ಡರಿನ ಹೆಡ್‌ಫೋನ್ ರಂಧ್ರದಿಂದ ಟಿ.ವಿ.ಯ ಹೆಡ್‌ಫೋನ್ ರಂಧ್ರಕ್ಕೆ ತಂತಿ ಎಳೆದರು. ಎರಡೂ ಒಂದೇ ಅಳತೆ, ತಂತಿ ಸೊಗಸಾಗಿ ಕೂಡಿತು. ಆದರೆ ಎರಡೂ ಬಾಯಿಗಳೇ! ಟಿ.ವಿ. ಮೂಕವಾಗಿತ್ತು. ಹೆಡ್‌ಫೋನಿನ ರಂಧ್ರದಲ್ಲಿ ತಂತಿ ಹೊಕ್ಕೊಡನೆ ರೆಕಾರ್ಡರು ತನ್ನ ಸ್ಪೀಕರನ್ನು ತಾನೇ ಮುಚ್ಚಿಕೊಳ್ಳುವುದರಿಂದ ಅದೂ ಮೂಕವಾಯಿತು. ಕ್ಯಾಸೆಟ್ಟಿನೊಳಗಿನ ದನಿಯೇ ಹೋಯಿತೆಂದು ಮಾಸ್ತರರ ಎದೆ ಧಸಕ್ಕೆಂದಿತು. ಒಂದರ ಮೇಲೊಂದು ಗುಂಡಿ ಒತ್ತುತ್ತ ಅವರ ಬೆರಳು ಕೆಂಪು ಗುಂಡಿಯತ್ತ ಸರಿಯುವುದಕ್ಕೂ ಮೊಮ್ಮಗಳು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು.

“ಅಜ್ಜಾ, ಕೆಂಪು ಗುಂಡಿ ಮುಟ್ಟಬ್ಯಾಡ! ಆಯಿ ದನಿ ಅಳಸಿ ಹೋಗ್ತದ!”

ಕೆಂಪು ಗುಂಡಿ ಹೊಸ ಧ್ವನಿಯನ್ನು ಮುದ್ರಿಸುವುದು. ಅದನ್ನು ಒತ್ತಿದರೆ ಹಳೆಯ ಧ್ವನಿಯನ್ನು ಅಳಿಸುತ್ತಲೇ ಟೇಪು ಮುಂದೆ ಸಾಗುತ್ತದೆ. ಹುಡುಗಿ ಟಿ.ವಿ.ಯ ತುದಿಯನ್ನು ಕಿತ್ತು, ಸೌಂಡ್‌ಬಾರಿನ ‘ಆಕ್ಸ್’ ಎಂಬ ರಂಧ್ರಕ್ಕೆ ಹಾಕಿದಳು, ಅದು ಕಿವಿ. ಆ ಕಿವಿಯಿಂದಲೇ ಕೇಳೆಂದು ರಿಮೋಟಿನಿಂದ ಅಪ್ಪಣೆ ಕೊಟ್ಟಳು. ರೆಕಾರ್ಡರಿನ ಧ್ವನಿಯನ್ನು ನಡುಮಟ್ಟಕ್ಕೆ ಇಟ್ಟು ಗುಂಡಿ ಒತ್ತಿದಳು. ಮೊದಲು ಟೇಪಿನ ಸುಯ್ಯೆಂಬ ಸದ್ದು, ಆಮೇಲೆ ಯಾರೋ ಮಕ್ಕಳ ನಗೆ, ಅದರ ಹಿಂದೆಯೇ ಹಾಡು.

ಹಾಡು ಮುಗಿಯುವವರೆಗೂ ಮಾಸ್ತರರು ನಿಂತೇ ಇದ್ದರು. ಹುಡುಗಿ ಕ್ಯಾಸೆಟ್ಟನ್ನು ಹೊರತೆಗೆದು, ಅದರ ಹಿಂಬದಿಯ ಅಂಚಿನಲ್ಲಿದ್ದ ಎರಡು ಸಣ್ಣ ಪ್ಲಾಸ್ಟಿಕ್ ಎಸಳುಗಳನ್ನು ಚಿಟ್ಟೆಂದು ಮುರಿದಳು.

“ಯಾಕವಾ, ಅದನ್ನ್ಯಾಕ ಮುರದಿ?” ಎಂದು ಅವರು ಗಾಬರಿಗೊಂಡರು.

“ಇನ್ನ ಕೆಂಪು ಗುಂಡಿ ಒತ್ತಾಕ ಬರೂದಿಲ್ಲ, ಅಜ್ಜಾ. ಇನ್ಮ್ಯಾಲೆ ಆಯಿನ ಯಾರೂ ಅಳಸೂದಿಲ್ಲ.”