ಇಂಗ್ಲಿಷ್ ಪೇಪರಿನ ಸಲುವಾಗಿ ಪುಸ್ತಕ ಕಟ್ಟಿ ಇಡಬ್ಯಾಡ್ರಿ

ಜನವರಿ ಮುಗೀಲಾಕ ಬಂತಂದ್ರ ನಮ್ಮ ಕಡಿ ಮನಿ ಮನಿಯಾಗ ಎರಡೇ ಮಾತು. ಒಂದು, ತೊಗರಿ ರೇಟ್ ಎಷ್ಟಾಯ್ತು? ಎರಡು, ಎಸ್ಸೆಸ್ಸೆಲ್ಸಿ ಪೋರಿ ಏನ್ ಓದ್ಲಾಕತ್ತಾಳ? ತೊಗರಿ ರೇಟ್ ನಮ್ಮ ಕೈಯಾಗಿಲ್ಲ. ಎರಡನೇದು ಸ್ವಲ್ಪರ ನಮ್ಮ ಕೈಯಾಗದ. ಅದಕ್ಕ ಈ ಸಲ ಹೋಳಗಿ, ಉಪ್ಪಿನಕಾಯಿ ಬಾಜೂಕಿಟ್ಟು ಇಂಗ್ಲಿಷ್ ಪರೀಕ್ಷಾದ ಬಗ್ಗೆ ಬರೀಲಾಕತ್ತೀನಿ. ನಗಬ್ಯಾಡ್ರಿ. ನನಗೇನು ಇಂಗ್ಲಿಷ್ ಮಾತಾಡ್ಲಾಕ ಬರಂಗಿಲ್ಲ. ಪಿಯುಸಿ ತನಕ ಕಲಿತೀನಿ, ಅದೂ ಕನ್ನಡದಾಗೇ. ಆದ್ರ ಇದು ಇಂಗ್ಲಿಷ್ ಬಂದವರಿಗಷ್ಟೇ ಬಿಟ್ಟ ಕೆಲಸ ಅಲ್ಲ ಅನ್ನೋದೇ ನಾ ಹೇಳೋ ಮಾತು.

ನನ್ನ ತವರು ಸೇಡಂ, ಕೊಟ್ಟಿದ್ದು ವಾಡಿಗಿ. ತಂಗಿ ಶಹಾಬಾದಿನ್ಯಾಗ, ನಾದಿನಿ ಚಿತ್ತಾಪುರದಾಗ, ಸ್ವಾದರತ್ತಿಯವರು ಚಿಂಚೋಳಿ ಕಡಿ. ಹಿಂಗಾಗಿ ರಿಜಲ್ಟ್ ದಿನ ಐದೂ ಊರಿನ ಸುದ್ದಿ ನನ್ನ ಫೋನಿಗಿ ಬರ್ತಾವ. ಎಲ್ಲಾ ಊರಿಂದೂ ಒಂದು ಮಾತು ತಪ್ಪಂಗಿಲ್ಲ. "ಉಳದಿದ್ದೆಲ್ಲಾ ಆಗ್ಯದಕ್ಕಾ, ಇಂಗ್ಲಿಷ್ ಒಂದು ಹೋಗ್ಯದ." ಕೆಲವರ ಮನ್ಯಾಗ ಗಣಿತ, ವಿಜ್ಞಾನನೂ ಹೋಗಿರ್ತಾವ. ಆದ್ರ ಇಂಗ್ಲಿಷ್ ಹೋಯ್ತಂದ್ರ ಯಾರಿಗೂ ಆಶ್ಚರ್ಯ ಆಗಂಗಿಲ್ಲ. ಹೋಗೋದೇ ಅದ ಅನ್ನೋಹಂಗ ಕೇಳ್ತಾರ. ಆ ಆಶ್ಚರ್ಯ ಆಗಲಾರದ್ದೇ ನನಗ ಹೆಚ್ಚಿಗಿ ಸಂಕಟ.

2025ರ ಮೇ 2ನೇ ತಾರೀಖಿಗಿ ರಿಜಲ್ಟ್ ಬಂತು. ರಾಜ್ಯದಾಗ ನಮ್ಮ ಕಲಬುರಗಿ ಜಿಲ್ಲಾ ಕಡೀಕ. ದಕ್ಷಿಣ ಕನ್ನಡದಾಗ ನೂರಕ್ಕ 91 ಮಕ್ಕಳು ಪಾಸ್, ನಮ್ಮಲ್ಲಿ 42. ಅಂದ್ರ ಒಂದು ಬೆಂಚಿನ ಮ್ಯಾಲ ಇಬ್ಬರು ಕುಂತಿದ್ರ ಒಬ್ಬರಿಗಿಂತ ಹೆಚ್ಚು ಫೇಲ್. 2024ರಿಂದ ಪರೀಕ್ಷಾ ಕೋಣ್ಯಾಗ ಕ್ಯಾಮೆರಾ ಹಾಕಿ ಆಫೀಸಿನ್ಯಾಗ ಕುಂತು ನೋಡ್ತಾರ. ಚೀಟಿ ಒಗಿಯೋದು, ಖಿಡಕ್ಯಾಗಿಂದ ಹೇಳಿಕೊಡೋದು ಬಂದ್ ಆತು. ಚಲೋನೇ ಆತು. ಆದ್ರ ಪೋರಗೋಳಿಗಿ ಎಷ್ಟು ಬರ್ತದ, ಎಷ್ಟು ಬರಂಗಿಲ್ಲ ಅನ್ನೋದು ಬಿಸಿಲಿಗಿ ಹಾಕಿದ ಕಾಳಿನಂಗ ಕಣ್ಣಿಗಿ ಕಾಣ್ಲಾಕತ್ತದ.

"ನಮ್ಮ ಕಡಿ ಮಕ್ಕಳು ಮಂದರು" ಅಂತ ಯಾರರ ಅಂದ್ರ ನನಗ ಸಿಟ್ಟು ಬರ್ತದ. ಚಿಂಚೋಳಿ ತಾಂಡಾದ ಪೋರಿಗಿ ಮನ್ಯಾಗ ಲಂಬಾಣಿ, ಸಾಲ್ಯಾಗ ಕನ್ನಡ, ತಾಂಡೂರ ಬಜಾರಿಗಿ ಹೋದ್ರ ತೆಲುಗು, ಟಿವಿಯಾಗ ಹಿಂದಿ. ಶಹಾಬಾದಿನ ಪೋರ ಉರ್ದು, ಕನ್ನಡ ಎರಡೂ ಒಂದೇ ಉಸಿರಿನಾಗ ಮಾತಾಡ್ತಾನ. ನಮ್ಮ ಸೇಡಂ ಓಣ್ಯಾಗ ತೆಲುಗು ಬರಲಾರದ ಹೆಣ್ಮಗಳೇ ಕಡಿಮಿ. ಮೂರು-ನಾಕು ಭಾಷಾ ಬಾಯಾಗ ಇಟ್ಕೊಂಡು ತಿರಗೋ ಮಕ್ಕಳು ಮಂದರು ಹೆಂಗ ಆಗ್ತಾರ? ಇಂಗ್ಲಿಷಿಗಿ ಪೇಪರಿನಾಗ "ದ್ವಿತೀಯ ಭಾಷೆ" ಅಂತ ಹೆಸರು. ಈ ಮಕ್ಕಳಿಗಿ ಅದು ನಾಕನೇದು, ಐದನೇದು.

ಮತ್ತ ಸೇಡಂ ತಾಲೂಕಿನ ಮಳಖೇಡ ಅಂದ್ರ ಯಾವ ಊರ್ರೀ? ರಾಷ್ಟ್ರಕೂಟರ ರಾಜಧಾನಿ, ಮಾನ್ಯಖೇಟ. ಒಂಬತ್ತನೇ ಶತಮಾನದಾಗ ನೃಪತುಂಗನ ಆಸ್ಥಾನದಾಗ ಕವಿರಾಜಮಾರ್ಗ ಹುಟ್ಟಿದ್ದು. ಕನ್ನಡದಾಗ ನಮಗ ಸಿಕ್ಕ ಎಲ್ಲಾಕಿಂತ ಹಳೇ ಪುಸ್ತಕ ಅದು. ಸಾಲಿ ಕಲೀದಿದ್ರೂ ಇಲ್ಲಿಯ ಜನ ಕಾವ್ಯದಾಗ ಶಾಣ್ಯಾರು ಅಂತ ಅದ್ರಾಗ ಹೊಗಳ್ಯಾರ. ಅದೇ ಕಾಗಿಣಾ ನೀರು ಕುಡ್ಯೋ ಮಕ್ಕಳು ಇವು.

ಹಂಗಾದ್ರ ತೊಂದ್ರಿ ಎಲ್ಲದ? ಒಂದು, ತೊಗರಿ ರಾಶಿ ಡಿಸೆಂಬರ್-ಜನವರಿಯಾಗ ಬರ್ತದ. ಸಾಲ್ಯಾಗ ರಿವಿಜನ್ ನಡಿಯೋ ಹೊತ್ತಿಗಿ ಪೋರಿ ಹೊಲದಾಗ ಇರ್ತಾಳ, ಇಲ್ಲಾ ಮನ್ಯಾಗ ತಮ್ಮನ್ನ ಹಿಡ್ಕೊಂಡು ಕುಂತಿರ್ತಾಳ. ಎರಡು, ಕೆಲವು ಮನಿಯವರು ಪುಣಾ, ಮುಂಬೈ, ಹೈದ್ರಾಬಾದಿಗಿ ದುಡೀಲಾಕ ಹೋಗಿರ್ತಾರ, ಮಕ್ಕಳು ಅಜ್ಜಿ ಹತ್ರ. ಮೂರು, ಇದು ದೊಡ್ಡದು, ಇಂಗ್ಲಿಷ್ ಪುಸ್ತಕ ಮನ್ಯಾಗ ಯಾರೂ ಬಾಯಿ ಬಿಟ್ಟು ಓದಂಗಿಲ್ಲ. ನಾವು ಕಲಿಯೋವಾಗ ಐದನೇತ್ತಿನಾಗ ಎ ಬಿ ಸಿ ಡಿ ಸುರು ಆಗ್ತಿತ್ತು. 2007-08ರಿಂದ ಸರ್ಕಾರಿ ಸಾಲ್ಯಾಗ ಒಂದನೇತ್ತಿನಿಂದನೇ ಇಂಗ್ಲಿಷ್ ಅದ. ಹತ್ತು ವರ್ಷ ಕಲಿತೂ ಒಂದು ಸಾಲು ಧೈರ್ಯದಿಂದ ಓದ್ಲಾಕ ಬರಂಗಿಲ್ಲ ಅಂದ್ರ ಕಿವಿಗಿ ಆ ಭಾಷಾ ಬಿದ್ದಿಲ್ಲ ಅಂತನೇ ಅರ್ಥ. ನಮ್ಮ ಅಜ್ಜನ ಕಾಲದಾಗ, ನಿಜಾಮರ ರಾಜ್ಯದಾಗ, ಸಾಲಿ ಅಂದ್ರ ಉರ್ದು. ಅಜ್ಜ ಉರ್ದು ಪೇಪರ್ ಜೋರಾಗಿ ಓದ್ತಿದ್ದ, ಅಜ್ಜಿ ಅಕ್ಷರ ಕಲೀದೇನೇ ಅರ್ಧ ತಿಳ್ಕೋತಿದ್ಳು. ಭಾಷಾ ಮನ್ಯಾಗ ಬರೋದು ಹಂಗ.

ಈಗ ನಮ್ಮ ತಮ್ಮನ ಮಗಳ ಮಾತಿಗಿ ಬರ್ತೀನಿ. ಸೇಡಂದಾಕಿ. ಹೋದ ವರ್ಷ ಮೇದಾಗ ಇಂಗ್ಲಿಷ್ ಒಂದರಾಗೇ ಫೇಲ್. 80ಕ್ಕ 17. ರಿಜಲ್ಟ್ ಬಂದು ವಾರ ಆಗಿಲ್ಲ, ತಾಂಡೂರ ಕಡಿಯಿಂದ ಒಂದು ಸಂಬಂಧದ ಮಾತು ಬಂತು. ಪೋರಿಗಿ ಹದಿನಾರು. ಹದಿನೆಂಟು ತುಂಬಲಾರದೇ ಮದುವಿ ಮಾಡಬಾರದು ಅಂತ ಎಲ್ಲಾರಿಗೂ ಗೊತ್ತದ. ಆದ್ರ "ಮಾತು ಮುಗಿಸಿ ಇಡೋಣ, ಮುಂದ ನೋಡಿದ್ರಾತು" ಅಂತಾರಲ್ಲ, ಆ ದಾರಿ ನಿಮಗೂ ಗೊತ್ತಿರೋದೇ. ಹಿರೇರು ಒಬ್ಬರು ಪಡಸಾಲ್ಯಾಗ ಕುಂತು ಅಂದ್ರು, "ಫೇಲಾದ ಪೋರಿಗಿ ಮನ್ಯಾಗ ಇಟ್ಕೊಂಡು ಏನ್ ಮಾಡ್ತೀರಿ?" ಪೋರ ಫೇಲಾದ್ರ "ಮತ್ತ ಕಟ್ಟು" ಅಂತಾರ. ಪೋರಿ ಫೇಲಾದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡ್ತಾರ.

ಆವತ್ತು ನನ್ನ ತಮ್ಮನ ಹೆಂಡತಿ, ಎಂದೂ ಹಿರೇರ ಮುಂದ ದನಿ ತೆಗೀಲಾರದಾಕಿ, ಬಾಗಲದಾಗ ನಿಂತು ಅಂದಳು. "ನನಗ ಏಳನೇತ್ತಿಗಿ ಬಿಡಿಸಿದ್ರಿ. ಇಕಿಗಿ ನಾ ಬಿಡ್ಸಂಗಿಲ್ಲ. ಇನ್ನೂ ಎರಡು ಪರೀಕ್ಷಾ ಅವ ಅಂತ ಸಾಲ್ಯಾಗ ಹೇಳ್ಯಾರ. ಆ ಎರಡೂ ಆಗ್ಲಿ, ಆಮ್ಯಾಲ ಮಾತಾಡ್ರಿ." ಮರುದಿನ ತಾನೇ ಸಾಲಿಗಿ ಹೋಗಿ ಹೆಸರು ಬರಿಸಿ ಬಂದಳು. ಪೋರಿಗಿ ರೈಲಿನ್ಯಾಗ ನನ್ನ ಹತ್ರ ಕಳಸಿದಳು. ಸೇಡಂದಿಂದ ವಾಡಿ ಏನ್ ದೂರ ಅಲ್ಲ, ನಡುವ ಮಳಖೇಡ ರೋಡ್, ಚಿತ್ತಾಪುರ ಸ್ಟೇಶನ್ ಬರ್ತಾವ ಅಷ್ಟೇ.

ಇಲ್ಲಿ ಒಂದು ವಿಷಯ ಎಲ್ಲಾರೂ ತಿಳ್ಕೋರಿ. 2024, 2025ರಾಗ ವರ್ಷಕ್ಕ ಮೂರು ಪರೀಕ್ಷಾ ಇದ್ದವು. ಮೊದಲನೇದರಾಗ ಹೋದ್ರ ಎರಡನೇದು, ಅದ್ರಾಗೂ ಹೋದ್ರ ಮೂರನೇದು ಬರೀಬಹುದಿತ್ತು. ಹೋದ ವಿಷಯ ಅಷ್ಟೇ ಬರದ್ರ ಸಾಕು. ಇದು ಹಿಂದಿನಂಗ "ಸಪ್ಲಿಮೆಂಟರಿ" ಅಂತ ಮಾರಿ ಕೆಳಗ ಹಾಕೋ ಪರೀಕ್ಷಾ ಅಲ್ಲ. ಬರದ ಪರೀಕ್ಷಾಗಳಾಗ ಯಾವುದರಾಗ ಹೆಚ್ಚು ಮಾರ್ಕ್ಸ್ ಬಿದ್ದದ ಅದೇ ಉಳಿತದ. ಪಾಸಾದವರೂ ಮಾರ್ಕ್ಸ್ ಹೆಚ್ಚು ಮಾಡ್ಕೋಲಾಕ ಕುಂದರಬಹುದು.

ವಾಡಿಗಿ ಬಂದ ದಿನ ನಾವು ಓದ್ಲಾಕ ಕುಂದ್ರಲಿಲ್ಲ, ಲೆಕ್ಕ ಮಾಡ್ಲಾಕ ಕುಂತೆವು. ಕಿರಾಣಿ ಚೀಟಿ ಮಾಡ್ತೀವಲ್ಲ, ಹಂಗ. ಹಳೇ ಪೇಪರ್ ಮುಂದಿಟ್ಕೊಂಡು ಯಾವುದಕ್ಕ ಎಷ್ಟು ಮಾರ್ಕ್ಸ್ ಅಂತ ಬರದೆವು. ಪತ್ರಕ್ಕ 5. ಪ್ರಬಂಧಕ್ಕ 4. ಬಾಯಿಪಾಠದ ಪದ್ಯಕ್ಕ 4. ಕೊಟ್ಟ ಗದ್ಯ ಓದಿ ಉತ್ತರ ಬರಿಯೋದಕ್ಕ 4. ಒಬ್ಬರ ವಿವರ ಕೊಟ್ಟು ಅವರ ಬಗ್ಗೆ ಬರೀರಿ ಅಂತಾರ, ಅದಕ್ಕ 3. ತುಂಡು ತುಂಡು ಕೊಟ್ಟಿದ್ದ ಕಥಿ ಪೂರ್ತಿ ಮಾಡೋದಕ್ಕ 3. ಚಿತ್ರ ನೋಡಿ ಬರಿಯೋದಕ್ಕ 3. ಕೂಡಿಸಿದ್ರ 26. ಆವಾಗ ಪಾಸಾಗ್ಲಾಕ ಬರವಣಿಗಿಯಾಗ 28 ಬೇಕಾಗಿತ್ತು. ಪೋರಿ ಕಣ್ಣು ದೊಡ್ಡು ಮಾಡಿ ಅಂದಳು, "ಅತ್ತಿ, ಇಷ್ಟೇನಾ?" ಇಷ್ಟೇ ಅಲ್ಲ ಖರೆ, ಎಲ್ಲಾ ಪೂರ್ತಿ ಸಿಗಂಗಿಲ್ಲ. ಆದ್ರ ಗುಡ್ಡ ಅಂತ ತಿಳ್ಕೊಂಡಿದ್ದು ಮೆಟ್ಟಲಾ ಎಣಿಸಬಹುದಾದ ಕಟ್ಟಿ ಆತು.

ಪತ್ರದಿಂದ ಸುರು ಮಾಡಿದೆವು. ಅದರ ಆಕಾರ ಯಾವಾಗಲೂ ಒಂದೇ. ಯಾರಿಂದ, ಯಾರಿಗಿ, ತಾರೀಖು, ವಿಷಯ, ಒಳಗಿನ ಮಾತು, ಕಡೀಕ ಸಹಿ. ನಮ್ಮ ಮನಿ ನೆಲ ಶಹಾಬಾದ್ ಪರ್ಸಿ ಕಲ್ಲಿಂದು. ಆ ಕಲ್ಲೇ ಪಾಟಿ ಆತು. ದಿನಾ ಮುಂಜಾನಿ ನೆಲ ಒರೆಸಿದ ಮ್ಯಾಲ ಖಡುದಿಂದ ಒಂದು ಪತ್ರ ಬರೀತಿದ್ಳು. ಅಪ್ಪಗ ಒಂದು, ಹೆಡ್ ಮಾಸ್ತರಿಗಿ ಒಂದು, ನೀರು ಬರವಲ್ದು ಅಂತ ಪುರಸಭಾಕ ಒಂದು. ತಪ್ಪಾದ್ರ ಒದ್ದಿ ಅರಿಬಿಲಿ ಒರಸೋದು. ನೋಟಬುಕ್ಕಿನ್ಯಾಗ ಕೆಂಪು ಗೆರಿ ನೋಡಿ ಹೆದರೋ ಪೋರಿ ಕಲ್ಲಿನ ಮ್ಯಾಲ ಹೆದರಲಿಲ್ಲ. ಕಾಗುಣಿತ ಬರೋಬ್ಬರಿ ಅದನಾ ಅಂತ ನಾನು ಪುಸ್ತಕ ಹಿಡ್ಕೊಂಡು ಒಂದೊಂದೇ ಅಕ್ಷರ ತಾಳಿ ನೋಡ್ತಿದ್ದೆ. ಅದಕ್ಕೇನು ಇಂಗ್ಲಿಷ್ ಪಂಡಿತರು ಬೇಕಾಗಿಲ್ಲ, ಚಸ್ಮಾ ಇದ್ರ ಸಾಕು.

ಪಾಠ ಓದೋದು ನಾ ರೊಟ್ಟಿ ಬಡಿಯೋವಾಗ. ಆಕಿ ಬಾಗಲ ಹತ್ರ ಕುಂತು ಜೋರಾಗಿ ಓದಬೇಕು. ಎಲ್ಲಿ ದನಿ ಸಣ್ಣದಾಗ್ತದ, ಎಲ್ಲಿ ತಡಿತಾಳ, ಅದು ರೊಟ್ಟಿ ಸಪ್ಪಳದಾಗೂ ಗೊತ್ತಾಗ್ತದ. ಅಲ್ಲಿ ನಿಲ್ಸಿ, "ಆ ಸಾಲು ಮತ್ತೊಮ್ಮೆ" ಅನ್ನೋದು. ಆಮ್ಯಾಲ "ಈಗ ಕಥಿ ನನಗ ಕನ್ನಡದಾಗ ಹೇಳು" ಅನ್ನೋದು. ಹೇಳ್ಲಾಕ ಬಂತಂದ್ರ ಅರ್ಥ ಆಗ್ಯದ, ಇಲ್ಲಾಂದ್ರ ಇಲ್ಲ. ಹಿಂಗೇ ಆರ್.ಕೆ. ನಾರಾಯಣರ ಸ್ವಾಮಿ ಕಥಿ ನನಗೂ ಪಾಠ ಆತು. ಅಪ್ಪನ ಆಫೀಸ್ ಕೋಣ್ಯಾಗ ಒಬ್ಬನೇ ಮಲಗಿದ ಹೆದರಪುಕ್ಕ ಪೋರ ಕಳ್ಳನ ಕಾಲು ಕಚ್ಚಿ ಹಿಡಿತಾನ, ಊರೆಲ್ಲಾ ಹೊಗಳ್ತದ. ಇನ್ನೊಂದು ಪಾಠದಾಗ ಮುಂಬೈ ಲೋಕಲ್ ರೈಲಿಂದ ಹುಡುಗಿ ಬೀಳ್ತಾಳ, ಗುರುತು ಪರಿಚಯ ಇಲ್ಲದ ಹುಡುಗ ಆಕಿಗಿ ಉಳಸ್ಲಾಕ ರೈಲಿಂದ ಜಿಗಿತಾನ. ವಾಡಿ ಜಂಕ್ಷನ್ನಿನ ಮಂದಿಗಿ ರೈಲಿನ ಕಥಿ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಅದನ್ನ ಪೋರಿ ಎರಡೇ ದಿನಕ್ಕ ಹಿಡದಳು.

ಪದ್ಯದಾಗ ನನಗ ಸೇರಿದ್ದು ರಸ್ಕಿನ್ ಬಾಂಡ್ ಅವರ ಅಜ್ಜಿ ಪದ್ಯ. 62 ವರ್ಷದ ಅಜ್ಜಿ ಗಿಡ ಹತ್ತತಾಳ, ಬ್ಯಾಡ ಅಂದ್ರೂ ಕೇಳಂಗಿಲ್ಲ, ಕಡೀಕ ಗಿಡದ ಮ್ಯಾಲೇ ಮನಿ ಕಟ್ಟಿಸ್ಕೋತಾಳ. ನನ್ನ ಅತ್ತಿಯವರಿಗಿ ಕನ್ನಡದಾಗ ಹೇಳಿದೆವು, ನಕ್ಕು ನಕ್ಕು ಸಾಕಾಯ್ತು. ಗೋಕಾಕರ ಪದ್ಯನೂ ಅದೇ ಪುಸ್ತಕದಾಗ ಅದ. ನಮ್ಮ ಕನ್ನಡದ ವಿ.ಕೃ. ಗೋಕಾಕರು, ಜ್ಞಾನಪೀಠ ಬಂದವರು, ಇಂಗ್ಲಿಷಿನ್ಯಾಗೂ ಬರದಾರ ಅಂತ ಪೋರಿಗಿ ಹೇಳಿದಾಗ, "ಹಂಗಾದ್ರ ನಮ್ಮವರಿಗೂ ಬರ್ತದಲ್ಲಾ ಅತ್ತಿ" ಅಂದಳು. ಆ ಮಾತಿಗೇ ಅರ್ಧ ಹೆದರಿಕಿ ಹೋಯ್ತು.

ಮೇ ಕಡೀಕ ಎರಡನೇ ಪರೀಕ್ಷಾ. 25 ಬಿತ್ತು. ಮೂರು ಕಡಿಮಿ. ಮನ್ಯಾಗ ಮತ್ತ ಗುಸುಗುಸು ಸುರು ಆತು. ತಮ್ಮನ ಹೆಂಡತಿ ಫೋನಿನ್ಯಾಗ ಒಂದೇ ಕೇಳಿದಳು, "ವೈನಿ, 17 ಇದ್ದದ್ದು 25 ಆಗ್ಯದಲ್ಲ? ಹಂಗಾದ್ರ ಏರಲಾಕತ್ತದ." ಅಷ್ಟು ಚಲೋ ಲೆಕ್ಕ ಯಾವ ಮಾಸ್ತರ್ ಹೇಳ್ತಿದ್ದ? ಜುಲೈದಾಗ ಮೂರನೇ ಪರೀಕ್ಷಾ ಬರದಳು. 34. ಈಗ ಪಿಯುಸಿ ಮೊದಲನೇ ವರ್ಷ. ತಾಂಡೂರಿನವರಿಗಿ "ಪೋರಿ ಕಲೀಲಾಕತ್ತಾಳ" ಅಂತ ಹೇಳಿ ಕಳಸ್ಯಾರ.

2025-26ರಿಂದ ಪಾಸಿಗಿ 35ರ ಬದಲಿ 33 ಪರ್ಸೆಂಟ್ ಮಾಡ್ಯಾರ. ಎರಡು ಮಾರ್ಕ್ಸ್ ಇಳಸಿದ್ರ ನಮ್ಮ ಚಿಂತಿ ಇಳಿಯಂಗಿಲ್ಲ, ಓದೋದು ಇದ್ದದ್ದೇ. ಅದಕ್ಕ ಅಕ್ಕ-ತಂಗೇರೆ, ನಿಮ್ಮ ಮನ್ಯಾಗ, ಬಾಜೂ ಮನ್ಯಾಗ ಹತ್ತನೇತ್ತಿನ ಪೋರಿ ಇದ್ರ ದಿನಾ ಅರ್ಧ ತಾಸು ಆಕಿ ಇಂಗ್ಲಿಷ್ ಓದೋದು ಕೇಳ್ರಿ. ನಿಮಗ ತಿಳೀಬೇಕು ಅಂತಿಲ್ಲ, ನೀವು ಕೇಳ್ಲಾಕತ್ತೀರಿ ಅಂತ ಆಕಿಗಿ ತಿಳಿದ್ರ ಸಾಕು. ದಿನಾ ಒಂದು ಪತ್ರ ಬರಸ್ರಿ. ವಾರಕ್ಕೊಂದು ಹಳೇ ಪೇಪರ್ ಗಡಿಯಾರ ಇಟ್ಟು ಬರಸ್ರಿ. ಪರೀಕ್ಷಾದಾಗ ಮೊದಲನೇ ಹದಿನೈದು ನಿಮಿಷ ಪ್ರಶ್ನಿ ಓದ್ಲಾಕ ಕೊಡ್ತಾರ, ಆವಾಗ ಬರೋದರ ಮ್ಯಾಲ ಮನಸಿನಾಗೇ ಗುರ್ತು ಹಾಕ್ಕೋ ಅಂತ ಹೇಳ್ರಿ. ಯಾವ ಪ್ರಶ್ನಿನೂ ಖಾಲಿ ಬಿಡಬ್ಯಾಡ ಅಂತ ಹೇಳ್ರಿ. ಪರೀಕ್ಷಾದ ಹಿಂದಿನ ದಿನ ಮದುವಿ-ಮುಂಜಿ ಅಂತ ಮನಿತುಂಬ ಮಂದಿ ಕರೀಬ್ಯಾಡ್ರಿ.

ಮತ್ತ ರಿಜಲ್ಟ್ ದಿನ "ಇಂಗ್ಲಿಷ್ ಹೋಗ್ಯದ" ಅಂತ ಯಾರರ ಫೋನ್ ಮಾಡಿದ್ರ, "ಅಯ್ಯ ಪಾಪ" ಅನ್ನಬ್ಯಾಡ್ರಿ. "ಎರಡನೇ ಪರೀಕ್ಷಾಕ ಹೆಸರು ಬರ್ಸಿದ್ರ್ಯಾ?" ಅಂತ ಕೇಳ್ರಿ.