ಅಟ್ಟ ತುಂಬಿದ ಕಂಪ್ಯೂಟರ್

ಊರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಟಿವಿ ರಿಮೋಟಿಂದ ಬೋರ್‌ವೆಲ್ ಸ್ಟಾರ್ಟರ್ ತನಕ ಎಲ್ಲ ರಿಪೇರಿ ಮಾಡೋನು ಅಂತ ಅರ್ಥ. ಒಂದ್ಸಲ ಹಬ್ಬಕ್ಕೆ ಹೋದಾಗ ನನ್ನ ಪಾಲಿಗೆ ಬಂದಿದ್ದು ಸಹಕಾರ ಸಂಘದ ಹಳೇ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿ, 256 ಎಂಬಿ ರ್‍ಯಾಮ್. ಸಂಜೆಯಾದ್ರೆ ಸಾಕು, ‘ವರ್ಚುವಲ್ ಮೆಮೊರಿ ಸಾಲದು’ ಅಂತ ಮುಷ್ಕರ ಹೂಡುತ್ತಿತ್ತು.

“ಹೊಸದು ತಗೊಳ್ಳಿ ಅಂದ್ಬಿಟ್ಟು ಮೆಕ್ಯಾನಿಕ್ ಹೊರಟೋದ ಕಣಪ್ಪಾ. ದುಡ್ಡು ಎಲ್ಲಿಂದ ತರಾನ? ನಾಳಿದ್ದು ಸಾಲದ ಪಟ್ಟಿ ಕಳಿಸ್ಬೇಕು” ಅಂದ್ರು ಸೆಕ್ರೆಟರಿ ಮಾವ. ಪಟ್ಟಿ ಹೋಗದಿದ್ರೆ ಗೊಬ್ಬರದ ಸಾಲ ಇಲ್ಲ. ಅದರಲ್ಲಿ ಅಪ್ಪನ ಹೆಸರೂ ಇತ್ತು.

ವರ್ಚುವಲ್ ಮೆಮೊರಿ ಅಂದ್ರೆ ಮನೆಯ ಅಟ್ಟ ಇದ್ದ ಹಾಗೆ. ನಡುಮನೆ ತುಂಬಿದಾಗ ಸದ್ಯಕ್ಕೆ ಬೇಡದ್ದನ್ನ ಮೇಲಕ್ಕೆ ಹಾಕ್ತೀವಿ, ಬೇಕಾದಾಗ ಇಳಿಸ್ತೀವಿ. ರ್‍ಯಾಮ್ ನಡುಮನೆ, ಡಿಸ್ಕಿನ ಪೇಜ್ ಫೈಲ್ ಅಟ್ಟ. 1962ರಲ್ಲೇ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿ ಈ ಉಪಾಯ ಇತ್ತು. ತೊಂದರೆ ಒಂದೇ, ಹತ್ತಿ ಇಳಿಯೋಕೆ ಹೊತ್ತು ಹಿಡಿಯುತ್ತೆ.

ಆದ್ರೆ ಸಂಜೆಯೇ ಯಾಕೆ? ಡಿ ಡ್ರೈವ್ ತೆಗೆದು ನೋಡಿದೆ. ಪೇಜ್ ಫೈಲ್ ಇದ್ದದ್ದು ಅಲ್ಲೇ, ಬೇಕಾದಷ್ಟು ಬೆಳೆಯಲಿ ಅಂತ ವಿಂಡೋಸಿಗೇ ಬಿಟ್ಟಿದ್ರು. ಕೌಂಟರಿನ ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ದಿನಾ ಸಂಜೆ ಬ್ಯಾಕಪ್ ತಂದು ಸುರೀತಿದ್ದದ್ದೂ ಅದೇ ಡ್ರೈವಿಗೆ. ಪಕ್ಕದ ಮನೆಯವರ ಮೂಟೆ ನಮ್ಮ ಅಟ್ಟದ ಮೇಲೆ! ಪೇಜ್ ಫೈಲ್ ಬೆಳೆಯೋಕೆ ಜಾಗವೇ ಉಳಿದಿರಲಿಲ್ಲ.

“ಆ ಕಂಪ್ಯೂಟರ್ನಾಗೆ ಜಾಗ ಐತಲ್ಲ, ಅಟ್ಟ ಅಲ್ಲೇ ಇಡಾಕಾಗಲ್ವ?” ಮಾವನ ಪ್ರಶ್ನೆ ಚೆನ್ನಾಗಿತ್ತು. ಆಗಲ್ಲ, ಪೇಜ್ ಫೈಲ್ ಅದೇ ಯಂತ್ರದ ಡಿಸ್ಕಿನಲ್ಲೇ ಇರಬೇಕು, ನೆಟ್‌ವರ್ಕ್ ಡ್ರೈವಿನಲ್ಲಿ ಇಡೋಕೆ ವಿಂಡೋಸ್ ಬಿಡಲ್ಲ. ಹಳೇ ಬ್ಯಾಕಪ್‌ಗಳನ್ನ ಸಿಡಿಗೆ ಹಾಕಿ, ಕೊನೇ ಏಳು ದಿನದ್ದು ಮಾತ್ರ ಉಳಿಸಿದೆ. ಆಮೇಲೆ ಪೇಜ್ ಫೈಲಿನ ಆರಂಭದ ಗಾತ್ರ, ಗರಿಷ್ಠ ಗಾತ್ರ ಎರಡನ್ನೂ 768 ಎಂಬಿ ಮಾಡಿದೆ. ಹಾಗೆ ಮಾಡಿದ್ರೆ ಜಾಗ ಮೊದಲೇ ಕಾದಿರಿಸಿದಂತೆ. ಬ್ಯಾಕಪ್ ಅದನ್ನ ನುಂಗೋಕಾಗಲ್ಲ. ರೀಸ್ಟಾರ್ಟ್ ಮಾಡಿ ಸಂಜೆ ತನಕ ಕಾದ್ವಿ. ಬ್ಯಾಕಪ್ ಬಂತು, ಎರರ್ ಬರಲಿಲ್ಲ. ಎಂಟೂವರೆಗೆ ಪಟ್ಟಿ ಪ್ರಿಂಟಾಯ್ತು.

ಬೆಂಗಳೂರಿನ ಮೀಟಿಂಗುಗಳಲ್ಲಿ ನಾವು ‘ಸಿಸ್ಟಮ್ ಹಳೇದಾಯ್ತು, ಬದಲಾಯಿಸಿ’ ಅಂತ ಎಷ್ಟು ಸಲೀಸಾಗಿ ಹೇಳ್ತೀವಿ. ಹಳೇದಾಗಿದ್ದು ನಿಜ. ಆದ್ರೆ ಕೆಟ್ಟಿರಲಿಲ್ಲ, ಅದರ ಜಾಗವನ್ನ ಬೇರೆ ಯಾರೋ ತುಂಬಿದ್ರು. ಈಗ ಯಾರಾದ್ರೂ ಹಾಗಂದ್ರೆ, ಮೊದಲು ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅಂತ ಕೇಳ್ತೀನಿ.